ಜಲಜಾಳಿಗೆ ಓಗೊಡುವವರು

“ಈ ಕ್ಯಾಸೆಟ್ ಮುಟ್ಟಿದ್ರೆ ನನ್ನ ಹೆಣ ಕಾಣ್ತಿ ನೀನು!”

ಸಣ್ಣಮ್ಮ ಟೇಪ್‌ರೆಕಾರ್ಡರನ್ನು ಮಗುವಿನಂತೆ ಎದೆಗವಚಿಕೊಂಡು ಕೂತುಬಿಟ್ಟರು. ಮದ್ರಾಸಿನ ಪೆರಂಬೂರಿನ ಆ ಎರಡು ಕೋಣೆಯ ಮನೆಯಲ್ಲಿ ಒಂಬತ್ತು ವರ್ಷಗಳಿಂದ ದಿನಾ ಸಂಜೆ ಸತ್ತ ಮಗಳು ಹಾಡುತ್ತಿದ್ದಳು... ತೊಂಬತ್ತರ ಮಳೆಗಾಲದಲ್ಲಿ ಹೊಳೆಯ ಪಾಲಾದ ಜಲಜಾ! ಒಂದು ಸಾಲು ಹಾಡಿ ನಿಲ್ಲುವಳು. ಮೌನ. ಮತ್ತೊಂದು ಸಾಲು, ಮತ್ತೆ ಮೌನ. ಆ ಮೌನ ಬಂದಾಗಲೆಲ್ಲ ಸೊಸೆ ಸುಮತಿಯ ಕೈಕೆಲಸ ನಿಂತುಹೋಗುತ್ತಿತ್ತು.

“ಅಮ್ಮ, ನಾಳೆ ರೆಕಾರ್ಡಿಂಗ್. ಮೂವತ್ತು ವಯಲಿನ್ನವರು ಬರ್ತಾರೆ. ಅವಳ ದನಿ ಇಲ್ದಿದ್ರೆ ನಾನು ಬರೆದದ್ದಕ್ಕೆ ಜೀವವೇ ಇಲ್ಲ,” ಮಗ ಗಿರಿಧರ್ ಅಂಗಲಾಚಿದ. ಸಿನಿಮಾ ಹಾಡುಗಳಿಗೆ ವಯಲಿನ್ ನುಡಿಸಿ ಬದುಕುವ ಅವನು ಮೊದಲ ಸಲ ತನ್ನದೆಂದು ಬರೆದ ಸಂಗೀತ ಇದೇ: ಊರಿನ ಹೊಳೆ, ಹೊಳೆಬದಿಯ ಗದ್ದೆ, ನಾಟಿ ಮಾಡುವಾಗ ತಂಗಿ ಹಾಡುತ್ತಿದ್ದ ನೆಟ್ಟಿ ಹಾಡು.

“ಹಾಗಾದ್ರೆ ಕ್ಯಾಸೆಟ್ ಹಿಡ್ಕೊಂಡು ನಾನೇ ಬತ್ತೆ. ಇವಳೂ ಬರ್ಲಿ. ಮುಳುಗ್ತಾ ಕರೆದದ್ದು ಕೇಳ್ಲಿಲ್ಲ ಅಂದ್ಳಲ್ಲ ಕಿವುಡಿ! ಅಲ್ಲಾದ್ರೂ ಕೇಳ್ಲಿ.”

ಸುಮತಿ ತಲೆ ತಗ್ಗಿಸಿದಳು. ಅಂದು ಮೇಲಿನ ಗದ್ದೆಯಲ್ಲಿದ್ದ ಅವಳಿಗೆ ಮಳೆಯ ಸದ್ದಿನಲ್ಲಿ ನಿಜಕ್ಕೂ ಏನೂ ಕೇಳಿಸಿರಲಿಲ್ಲ. ಯಾರು ನಂಬಬೇಕು?

ಮರುದಿನ ಕೋಡಂಬಾಕ್ಕಂನ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ವಯಲಿನ್‌ಗಳು ತುಂಬಿದ ಹೊಳೆಯಂತೆ ಮೊರೆದವು. ಅದರ ಮೇಲೆ ಜಲಜಾಳ ದನಿ ತೇಲಿ ಬಂತು: “ಹೊಳೆಬದಿ ಗದ್ದಿಗೆ ಯಾರ್ ಬತ್ರೇ...?”

ಗಿರಿಧರ್ ಕೈ ಎತ್ತಿದ. ಮೂವತ್ತು ಕಮಾನುಗಳೂ ತಟ್ಟನೆ ನಿಂತವು. ತಂಗಿಯ ಮೌನವನ್ನು ಅವನು ಹಾಗೆಯೇ ಉಳಿಸಿಕೊಂಡಿದ್ದ. ಹುಡುಗನಾಗಿರುವಾಗಲೇ ಮಾವನ ಹೋಟೆಲಿಗೆಂದು ಮದ್ರಾಸಿಗೆ ಬಂದವನಿಗೆ ಏನು ಗೊತ್ತು! ನೆಟ್ಟಿ ಹಾಡನ್ನು ಯಾರೂ ಒಬ್ಬರೇ ಹಾಡುವುದಿಲ್ಲ. ಒಬ್ಬಳು ಕೇಳಿದರೆ, ಸಾಲಿನಲ್ಲಿ ಬಗ್ಗಿ ಭತ್ತದ ನೇಜಿ ನೆಡುವವರು ಉತ್ತರ ಕೊಡಬೇಕು.

ಸಣ್ಣಮ್ಮ ಎದ್ದು ನಿಂತರು. “ಓಗೊಡಿ ಯಾರಾದ್ರೂ! ನನ್ನ ಮಗು ಕರೀತಾ ಉಂಟು... ಯಾರೂ ಇಲ್ವಾ ಇಲ್ಲಿ?”

“ಪಾಟಿಯಮ್ಮಾ, ಸತ್ತಂ ಪೋಡಾದೀಂಗ!” ಸದ್ದು ಮಾಡಬೇಡಿ ಎಂದು ರೆಕಾರ್ಡಿಂಗಿನವನು ತಮಿಳಿನಲ್ಲಿ ಗದರಿದ. ಟೇಪು ನಿಲ್ಲಲಿಲ್ಲ. ಜಲಜಾ ಮತ್ತೆ ಕೇಳಿದಳು. ಮತ್ತೆ ಆ ಮೌನ ಬಾಯ್ದೆರೆಯಿತು.

“ನಾ ಬಂದೆ ಅಕ್ಕ, ನಾ ಬಂದೆ...”

ಹಾಡಿದ್ದು ತಾನೇ ಎಂದು ಸುಮತಿಗೆ ತಿಳಿದದ್ದು ಎಲ್ಲರೂ ತಿರುಗಿ ನೋಡಿದಾಗ. ಆ ಉತ್ತರ ಮೌನದೊಳಗೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಕೂತಿತು. ಇಷ್ಟು ವರ್ಷ ಜಲಜಾ ಕಾದಿದ್ದು ಇದಕ್ಕೇ ಎಂಬಂತೆ...

“ನಡುವೆ ಓಗೊಡ್ಲಿಕ್ಕೆ ಎಷ್ಟು ಹೊತ್ತು ಸಿಕ್ತದೆ ಅಂತ ನಿಂಗೆ ಹೇಗೆ ಗೊತ್ತು?” ಸಣ್ಣಮ್ಮನ ದನಿ ಕುಸಿದಿತ್ತು.

“ಟೇಪ್ ಮಾಡುವಾಗ ನಾ ಪಕ್ಕದಲ್ಲೇ ಕೂತಿದ್ದೆ, ಅತ್ತೆ. ಓಗೊಡ್ಬೇಕಾದವಳು ನಾನೇ. ಆ ಮೆಷಿನ್ ಕಂಡು ನಾಚಿಕೆಯಾಗಿ ಬಾಯಿ ಮುಚ್ಕೊಂಡೆ. ಅವಳು ಮೊಣಕೈಯಲ್ಲಿ ತಿವೀತಿದ್ಲು, ಹೇಳೇ ಅಂತ... ಕಣ್ಣಲ್ಲೇ ನಗ್ತಿದ್ಲು.”

“ನಗ್ತಿದ್ಲಾ?”

“ಹೌದು ಅತ್ತೆ... ತುಂಬಾ.”

ಸಣ್ಣಮ್ಮ ಸೊಸೆಯ ಪಕ್ಕಕ್ಕೆ ಬಂದು ನಿಂತರು. ಆಮೇಲೆ ಮಗನಿಗೆ, “ಸುರುವಿಂದ ಹಾಕು ಮಾರಾಯ,” ಎಂದರು. ಸುಮತಿಯ ಕೈ ಹಿಡಿದರು. “ಈ ಸಲ ಇಬ್ರೂ ಹೇಳುವ.”

ವಯಲಿನ್‌ಗಳ ಹೊಳೆ ಮತ್ತೆ ತುಂಬಿ ಬಂತು. ಜಲಜಾ ಕೇಳಿದಳು. ಸಣ್ಣಮ್ಮನ ತುಟಿ ಅಲುಗಿತು, ದನಿ ಹೊರಡಲಿಲ್ಲ. ಇಬ್ಬರ ಪಾಲನ್ನೂ ಸುಮತಿಯೇ ಹಾಡಿದಳು.