ಚಾಂದನಿಯ ಹಾಲು

"ಒಳಗ ಬರಬ್ಯಾಡ. ಚಾಂದನಿ ಒದಿಯಾಕತ್ತೈತಿ. ನಿನ್ನ ಮರೀನ ಒಲ್ಲೆ ಅಂತೈತಿ" ಎಂದು ರುಹಿ ಬಾಗಿಲಿಗೆ ಅಡ್ಡ ನಿಂತಳು.

ವಿದ್ಯಾಶ್ರೀಯ ತೋಳಿನಲ್ಲಿ ಕೆಂಪನೆಯ ಆಡಿನ ಮರಿ ನಡುಗುತ್ತಿತ್ತು. ಅದರ ತಾಯಿ ಈದ ಮರುದಿನವೇ ಸತ್ತುಹೋಗಿತ್ತು. ಹೊಂಬಳದ ಆ ಓಣಿಯಲ್ಲಿ ಯಾರ ಮರಿ ತಬ್ಬಲಿಯಾದರೂ ರುಹಿಯ ದಾದಿ, ಅಂದರೆ ಅಜ್ಜಿ, ಗುಲಾಬಬಿಯ ಮನೆಗೇ ತರುತ್ತಿದ್ದರು. ಅವರ ಆಡು ಚಾಂದನಿಗೆ ಅಷ್ಟು ಹಾಲು. "ನಮ್ಮ ಚಾಂದನಿ ಹಾಲು ಕುಡೀಲಾರದ ಮರಿ ಈ ಓಣ್ಯಾಗ ಎಲ್ಲೈತಿ?" ಎನ್ನುವುದು ದಾದಿಯ ಹೆಮ್ಮೆ.

"ಗುಲಾಬಬಿ ಅಮ್ಮಾನ ಮರಿ ತಗೊಂಬಾ ಅಂದಾಳ" ಎಂದಳು ವಿದ್ಯಾಶ್ರೀ.

"ದಾದಿ ಹೊಲಕ್ಕ ಹೋಗ್ಯಾಳ. ನೀ ಹೋಗು."

ವಿದ್ಯಾಶ್ರೀ ಹೋದಳು. ರುಹಿಗೆ ಸಮಾಧಾನವಾಯಿತು. ಕ್ಲಾಸಿನ ಮಾನಿಟರ್ ವಿದ್ಯಾಶ್ರೀ. ಟೀಚರು ಕರೆಯುವುದು ವಿದ್ಯಾಶ್ರೀಯನ್ನು. ದಾದಿ ಕೂಡ "ವಿದ್ಯಾನ ನೋಡಿ ಕಲಿ" ಎನ್ನುತ್ತಾಳೆ. ಇನ್ನು ಚಾಂದನಿಯ ಹಾಲೂ ಅವಳಿಗೇ ಬೇಕೇನು? ಅದು ಚಾಂದನಿ ಈದ ತನ್ನ ಬಿಳಿ ಮರಿ ಜುಗನುವಿನದು.

ಸಂಜೆ ದಾದಿ ಕೇಳಿದಾಗ ರುಹಿ, "ಅವರು ಬಾಟ್ಲಿಲೇ ಆಕಳ ಹಾಲು ಕುಡಸ್ತಾರಂತ" ಎಂದಳು. ಮರುದಿನ ಅದು ಖರೆಯೂ ಆಯಿತು.

ಜುಗನು ದುಂಡಗಾಯಿತು. ಆದರೆ ಕೆಲವು ವಾರಗಳಲ್ಲಿ ಚಾಂದನಿಯ ಮುಂಗಾಲಿನ ಮೊಣಕಾಲು ಬಾತು, ಅದು ಏಳಲು ಕಷ್ಟಪಡತೊಡಗಿತು. ಎಲ್ಲೋ ಎಡವಿರಬೇಕೆಂದು ದಾದಿ ಎಣ್ಣೆ ತಿಕ್ಕಿದಳು. ಬಾವು ಇಳಿಯಲಿಲ್ಲ. ದನದ ಡಾಕ್ಟರು ಬಂದು ರಕ್ತ ತೆಗೆದುಕೊಂಡು ಹೋದರು. ರಿಪೋರ್ಟ್ ಬಂದ ಮೇಲೆ ಮತ್ತೆ ಬಂದು ಕಟ್ಟೆಯ ಮೇಲೆ ಕುಳಿತರು.

"ಇದು ವೈರಸ್ ಜಡ್ಡು ಅಮ್ಮಾ. ಹಾಲಿನಾಗ ಮರಿಗೆ ದಾಟತೈತಿ. ಭಾಳ ನಿಧಾನ ಇದು. ಮರಿ ಇದ್ದಾಗ ಹೊಕ್ಕರ ಕಾಲಿಗೆ ಬಾವು ಬರೂದು ಎಷ್ಟೋ ವರ್ಷ ಆದಮ್ಯಾಲೆ."

"ಔಷಧ?"

"ಇಲ್ರಿ. ಮಂದಿಗೆ ಬರೂದಿಲ್ಲ, ಅಂಜಬ್ಯಾಡ್ರಿ. ಮರಿಗೋಳಿಗೆ ಇದರ ಹಾಲು ಬಿಡಬ್ಯಾಡ್ರಿ, ಅಷ್ಟ."

 ದಾದಿ ಮೆಲ್ಲಗೆ, "ಇದ ಓಣಿ ಸಾವಂತ್ರೆವ್ವನ ಆಡೂ ಕುಂಟತೈತಿ. ಅದೂ ಇದರ ಹಾಲು ಕುಡದ ಬೆಳದದ್ದರಿ" ಎಂದಳು.

"ನಮ್ಮ ಜುಗನು?" ರುಹಿ ಕೇಳಿದಳು.

"ಬಂದಿರಬಹುದು, ಬರದೇನೂ ಇರಬಹುದು. ಈಗ ಹೇಳಾಕ ಬರೂದಿಲ್ಲವಾ. ಇವತ್ತಿಂದ ಬ್ಯಾರೆ ಕಟ್ಟಿ ಬಾಟ್ಲಿಲೇ ಕುಡಸು."

ಎದುರು ಮನೆಯ ಜಗಲಿಯ ಮೇಲೆ ವಿದ್ಯಾಶ್ರೀಯ ಕೆಂಪು ಮರಿ ಕೆಂಚಿ ಹಾರಿ ಹಾರಿ ಇಳಿಯುತ್ತಿತ್ತು. ಅದನ್ನು ಕಂಡು ರುಹಿಗೆ ಉರಿ ಹತ್ತಿತು. ಅದೂ ಕುಡಿದಿದ್ದರೆ ಆಗುತ್ತಿತ್ತು ಎನ್ನಿಸಿತು. ಹಾಗೆ ಎನ್ನಿಸಿದ್ದಕ್ಕೆ ತನಗೇ ಭಯವಾಗಿ ಮುಖ ತಿರುಗಿಸಿದಳು.

ಡಾಕ್ಟರ ಮಾತು ಎದುರು ಮನೆಗೂ ಕೇಳಿಸಿರಬೇಕು, ಸ್ವಲ್ಪ ಹೊತ್ತಿಗೆ ವಿದ್ಯಾಶ್ರೀ ಹಾಲಿನ ಬಾಟಲಿ ಹಿಡಿದು ಬಂದಳು.

"ನಮ್ಮವ್ವ ಥ್ಯಾಂಕ್ಸ್ ಹೇಳು ಅಂದ್ಲು. ಅವತ್ತ ನೀ ಬಿಟ್ಟಿದ್ರ ಕೆಂಚಿನೂ ಈ ಜಡ್ಡಿನ ಹಾಲು ಕುಡೀತಿತ್ತಂತ."

ರುಹಿ ನೆಲ ನೋಡಿದಳು. "ಚಾಂದನಿ ಒದ್ದಿದ್ದಿಲ್ಲ. ಸುಳ್ಳ ಹೇಳಿದ್ದೆ."

"ಗೊತ್ತೈತಿ."

"ಹೆಂಗ?"

"ನಿನ್ನ ಹಿಂದ ಆರಾಮ ಮಲ್ಕೊಂಡು ಮೆಲಕಾಡಿಸಾಕತ್ತಿತ್ತು. ಮಲಗಿದ ಆಡು ಹೆಂಗ ಒದೀತೈತಿ? ಅವತ್ತ ಇಡೀ ದಿನ ಕೆಂಚಿ ಹಸದು ಒದರೇ ಒದರಿತು. ನಾನೂ ಅತ್ತಿದ್ದೆ."

 ವಿದ್ಯಾಶ್ರೀ ಕೆಳಗೆ ಕುಳಿತು ಜುಗನುವನ್ನು ಎಳೆದುಕೊಂಡಳು. "ಬಾಟ್ಲಿ ಹಿಂಗ ಎತ್ತಿ ಹಿಡೀಬೇಕಲೇ. ಇಲ್ಲಾಂದ್ರ ಗಾಳಿ ಕುಡೀತೈತಿ."

ಜುಗನು ಬಾಟಲಿಯ ರಬ್ಬರನ್ನು ಉಗುಳಿತು. ದೂರದಲ್ಲಿ ಕಟ್ಟಿದ್ದ ಚಾಂದನಿ ಕೂಗಿತು. ಮರಿ ಅತ್ತ ಜಗ್ಗಿತು, ಮತ್ತೆ ಉಗುಳಿತು. ಕೊನೆಗೆ ಒಂದು ಗುಟುಕು ಇಳಿಯಿತು, ಇನ್ನೊಂದು ಇಳಿಯಿತು. ಬಾಲ ಅಲ್ಲಾಡತೊಡಗಿತು. ಅದು ರುಹಿಯ ಕಡೆ ನೋಡಲೂ ಇಲ್ಲ.

ಬಾಟಲಿ ಕಸಿದುಕೊಳ್ಳಬೇಕು ಎನ್ನಿಸಿತು ರುಹಿಗೆ.

"ನೀ ಹಿಡೀತಿಯೇನ?" ವಿದ್ಯಾಶ್ರೀ ಕೇಳಿದಳು.

ರುಹಿ ಕೈ ಚಾಚಿದಳು. ಆದರೆ ಬಾಟಲಿಗಲ್ಲ, ಜಾರುತ್ತಿದ್ದ ಮರಿಯ ಹಿಂಗಾಲನ್ನು ಹಿಡಿದುಕೊಂಡಳು.

"ಬ್ಯಾಡ. ನಿನ್ನ ಕೈಲೇ ಕುಡೀಲಿ. ಹಸದೈತಿ."