ಉಳಿದದ್ದು ಎರಡೇ ಪ್ಲೇಟು

ಲಿಫ್ಟಿನ ಬಾಗಿಲು ಮುಚ್ಚಾಕತ್ತಿತ್ತು. ನಡುವೆ ಒಂದು ಬೂಟು ತೂರಿ ಬಂತು!

ಆ ಬೂಟನ್ನ ತುಳಿದೆ. ಜೋರಾಗೇ ತುಳಿದೆ. ಹೊರಗ ಯಾರೋ ತೆಲುಗಿನಾಗ ನಮ್ಮವ್ವನ್ನ ನೆನೆಸಿಕೊಂಡ. ಬೂಟು ಹೊರಗ ಹೋತು. ಬಾಗಿಲು ಮುಚ್ಚಿತು.

ನನ್ನ ಅಂಗಿ ಒಳಗ, ಎದಿಗೆ ಹಚ್ಚಿಕೊಂಡು, ಒಂದು ಎಲ್‌ಪಿ ರೆಕಾರ್ಡ್ ಇತ್ತು, ಹಳೇ ಹಾಡಿನ ಪ್ಲೇಟು. ನಾ ಬಗ್ಗಂಗಿಲ್ಲ, ಬೀಳಂಗಿಲ್ಲ, ಯಾರರ ಎದಿಗೆ ಗುದ್ದಿದ್ರ ಮುಗೀತು. ಈ ದಂಧ್ಯಾಗ ಚಾಕು ತಪ್ಪಿಸಿಕೊಂಡೀನಿ, ಗೋಡಿ ಹಾರೀನಿ. ತುಂಬಿದ ಕೊಡ ಹೊತ್ತವರಂಗ ಓಡಿದ್ದು ಅವತ್ತೇ ಮೊದಲು. ನಗಬ್ಯಾಡ್ರಿ.

ಜಗತ್ತಿನಾಗ ಆ ಪ್ಲೇಟು ಮುಂಜಾನೆ ಎರಡಿದ್ವು. ಈಗ ಒಂದು.

ಕಾರಣ ನಾನೇ!

ನಾ ಅಂಬಾದಾಸ. ಬೀದರ್ ಕಡೆಯವ. ಹೈದರಾಬಾದಿನ ಸಾಹುಕಾರ ಮಂದಿಗೆ ಬೇಕಾದ್ದು ಹುಡುಕಿ ಕೊಡೋದು ನನ್ನ ಕೆಲಸ. ಮೊದಲು ಓಡಿಹೋದ ಪಾರ್ಟ್ನರ್, ಕಳುವಾದ ಕಾರು ಹುಡುಕ್ತಿದ್ದೆ. ಹೈಟೆಕ್ ಸಿಟಿ ಎದ್ದ ಮ್ಯಾಲ ಗಿರಾಕಿನೂ ಬದಲಾದ್ರು, ಅವರ ಚಟಾನೂ ಬದಲಾದ್ವು. ಮಾದಾಪುರದಾಗ ಜನಾರ್ದನ ಅಂತ ಒಬ್ಬ ಸಾಫ್ಟ್‌ವೇರ್ ಕಂಪನಿ ಮಾಲಕ. ಅವನ ಹುಚ್ಚು ಹಳೇ ಜಾಝ್. ಅದರಾಗೂ ಅವಾಂಗಾರ್ಡ್ ಅಂತ ಒಂದು ಜಾತಿ... ತಾಳ ಇಲ್ಲ, ಮೇಳ ಇಲ್ಲ, ಪಾತ್ರಿ ಅಂಗಡ್ಯಾಗ ಬೆಕ್ಕು ಹೊಕ್ಕಂಗ ಕೇಳಸ್ತೈತಿ. ಅದೂ ಮೊದಲ ಸಲ ಒತ್ತಿದ ಪ್ಲೇಟೇ ಬೇಕು ಅವನಿಗೆ. ಆಮ್ಯಾಲ ಒತ್ತಿದ್ದೆಲ್ಲಾ ಎಂಜಲಂತ.

ಈ ಪ್ಲೇಟಿನ ಕತಿ ಅವನೇ ಹೇಳಿದ. ನಮ್ಮ ಬೀದರ್ ಕಡೆ ವೈಜನಾಥ ಅಂತ ಒಬ್ಬ ಸನಾದಿ ಊದಾಂವ ಇದ್ದ. ಅರವತ್ತರ ದಶಕದಾಗ ಒಂದು ತಂಡದ ಜೋಡಿ ಜರ್ಮನಿಗೆ ಹೋದ. ಅಲ್ಲಿ ಜಾಝ್ ಮಂದಿ ಅವನ್ನ ಸ್ಟುಡಿಯೋಕ್ಕ ಎಳಕೊಂಡು ಹೋಗಿ ಒಂದು ಎಲ್‌ಪಿ ಮಾಡಿದ್ರು. ಮಾರೋ ಮೊದಲೇ ಗೋದಾಮಿಗೆ ಬೆಂಕಿ ಬಿತ್ತು. ಪ್ಲೇಟೂ ಹೋದ್ವು, ಮೂಲ ಟೇಪೂ ಹೋತು. ಉಳಿದದ್ದು ವೈಜನಾಥನ ಕೈಗೆ ಕೊಟ್ಟಿದ್ದ ಒಂದೇ ಪ್ಲೇಟು ಅಂದ ಜನಾರ್ದನ. ವೈಜನಾಥ ತೀರಿಕೊಂಡಿದ್ದ. ಹೆಂಡ್ತಿ ಬಸಲಿಂಗಮ್ಮಾರು ಸನತ್‌ನಗರದಾಗ, ಫ್ಯಾಕ್ಟರಿ ಕ್ವಾರ್ಟರ್ಸಿನಾಗ ಇದ್ರು. ಗಂಡನ ಉಸಿರು ಅಂತ ಅವರ ಹತ್ರ ಇದ್ದದ್ದು ಆ ಪ್ಲೇಟು ಒಂದೇ. ಜನಾರ್ದನನ ಮಂದಿ ಹೋಗಿ ಕೇಳಿದ್ರ ಬಾಗಿಲು ಹಾಕಿದ್ರಂತ. ಅದಕ್ಕ ಅವರ ಭಾಷಾ ಆಡಾಂವ ಬೇಕಾಗಿತ್ತು.

ನಾ ದಸರಾ ದಿನ ಹೋದೆ. ಬೇಕಂತಲೇ ಹೋದೆ. ಬನ್ನಿ ಕೊಡಾಕ ಬಂದವನ್ನ ನಮ್ಮ ಮಂದಿ ಬಾಗಿಲಾಗ ನಿಲ್ಲಸಂಗಿಲ್ಲ. ವೈರಿ ಬಂದ್ರೂ ಒಳಗ ಕರೀತಾರ. ಅದನ್ನೇ ಬಳಸಿಕೊಂಡೆ.

ಹಿಂದಿನ ದಿನ ಖಂಡೆ ಪೂಜಿಗೆ, ಅಂದ್ರ ಆಯುಧ ಪೂಜಿಗೆ, ಇಟ್ಟಿದ್ದ ಸನಾದಿ, ಪ್ಲೇಟು ಇನ್ನೂ ದೇವರ ಮುಂದೇ ಇದ್ವು. ಕವರಿನ ಮ್ಯಾಲ ವಿಭೂತಿ, ಕುಂಕುಮ. ಬನ್ನಿ ಎಲಿ ಅವರ ಕೈಯಾಗ ಇಟ್ಟು ಕಾಲು ಮುಟ್ಟಿದೆ.

"ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ, ಅವ್ವಾರ."

ಯಾವೂರು, ಯಾರ ಮಗ ಅಂತ ಕೇಳಿದ್ರು. ಹೋಳಿಗಿ ಬಡಿಸಿದ್ರು. ತಿಂತಾ ತಿಂತಾ ಪ್ಲೇಟಿನ ಸುದ್ದಿ ತಗದೆ. ಹಳೇದಾಗೇತಿ, ಇವತ್ತಲ್ಲ ನಾಳೆ ಕೈ ಕೊಡ್ತೈತಿ, ಸಿಡಿ ಮಾಡಿಸಿ ಸಂಜಿಗೆ ವಾಪಸ್ ತರ್ತೀನಿ ಅಂದೆ. ಅವರು ದೇವರ ಮುಂದಿಂದ ಪ್ಲೇಟು ಎತ್ತಿಕೊಂಡ್ರು.

"ಬನ್ನಿ ಕೊಟ್ಟ ಕೈ ಐತಿ, ತಮ್ಮಾ. ಒಯ್ಯಿ."

ಸಿಡಿ ಮಾಡೋ ಅಂಗಡಿ ದಾರ್ಯಾಗೇ ಇತ್ತು. ಹಬ್ಬದ ದಿನಾನೂ ತೆರದಿತ್ತು. ನಾ ಗಾಡಿ ನಿಲ್ಲಸಲಿಲ್ಲ. ಹೇಳಿದ ಸುಳ್ಳಿಗೆ ಯಾರು ಟೈಮ್ ಹಾಳು ಮಾಡ್ತಾರ? ಆ ಅಂಗಡಿ ಬೋರ್ಡು ಈಗೂ ಕಣ್ಣಿಗೆ ಕಟ್ಟಿದಂಗ ಐತಿ.

ಜನಾರ್ದನ ಬಿಳೇ ಕೈಗವಸು ಹಾಕ್ಕೊಂಡು ಪ್ಲೇಟು ತಗದ. ಕುಂಕುಮ ನೋಡಿ ಮೂಗು ಮುರಿದ. ನಡುವಿನ ಲೇಬಲ್ ಸುತ್ತ ಹಾಡಿಲ್ಲದ ಖಾಲಿ ಜಾಗ ಇರ್ತೈತಲ್ಲ, ಅಲ್ಲಿ ಕೈಲೆ ಕೊರೆದಿದ್ದ ನಂಬರನ್ನ ಭೂತಗನ್ನಡಿ ಹಿಡದು ಓದಿದ. ಮೊದಲ ಒತ್ತೇ ಅಂತ ಖಾತ್ರಿ ಆತು. ಆಮ್ಯಾಲ ಕಪಾಟು ತೆರೆದು ಇನ್ನೊಂದು ಪ್ಲೇಟು ಹೊರಗ ತಗದ.

ಅದೇ ಕವರ್. ಅದೇ ನಂಬರ್!

"ನಿಮ್ಮ ಹತ್ರ ಮೊದಲೇ ಇತ್ತಲ್ಲ ಸಾರ್... ಮತ್ತ ಇದ್ಯಾಕ?"

"ಎರಡು ಇದ್ರ ನಂದು ರೇರ್ ಹೆಂಗಾಗ್ತೈತಿ?" ಹಿಂದಿಯಾಗ ಅಂದ.

ಬಸಲಿಂಗಮ್ಮಾರ ಪ್ಲೇಟನ್ನ ಟೇಬಲ್ಲಿನ ಅಂಚಿಗೆ ಹಚ್ಚಿ ಒತ್ತಿದ. ಹಪ್ಪಳ ಮುರಿದಂಗ ಸಪ್ಪಳ ಬಂತು. ಎರಡು ತುಂಡು!

ನಾ ಒಳ್ಳೆ ಮನುಷ್ಯಾ ಅಲ್ಲ. ಆದರೂ ಅವತ್ತು ಕಿವಿ ತನಕ ಬಿಸಿ ಏರಿತು. ಆ ಅವ್ವನ ಕಾಲು ಮುಟ್ಟಿದ ಕೈ ಇದು ಅಂತ ನನ್ನ ಕೈ ನೋಡಿಕೊಂಡೆ. ನನ್ನ ಮ್ಯಾಲ ನನಗ ಅಷ್ಟು ಹೇಸಿಗಿ ಯಾವತ್ತೂ ಬಂದಿರಲಿಲ್ಲ. ಅದೇ ಕೈಲೆ ಜನಾರ್ದನನ ಮೂಗಿಗೆ ಒಂದು ಕೊಟ್ಟೆ. ಅವನ ಪ್ಲೇಟು ಕಸಕೊಂಡು ಅಂಗಿ ಒಳಗ ತುರುಕಿದೆ. ಲಿಫ್ಟಿನ ಕಡೆ ಓಡಿದೆ. ಆ ಬೂಟಿನ ಸೆಕ್ಯೂರಿಟಿ ಬೆನ್ನು ಹತ್ತಿದ.

ಕೆಳಗ ಪಾರ್ಕಿಂಗ್ನಾಗ ಇನ್ನೊಬ್ಬ ಸೆಕ್ಯೂರಿಟಿ ಕಾಯ್ತಾ ನಿಂತಿದ್ದ. ಲಾಠಿ ಎತ್ತಿದ. ಎದಿ ಕೊಟ್ಟು ಬಡದಾಡೋದು ನನ್ನ ರೂಢಿ. ಅವತ್ತು ಬೆನ್ನು ಕೊಟ್ಟೆ. ಎರಡು ಏಟು ತಿಂದು ಬೈಕ್ ಹತ್ತಿದೆ.

ಹಿಂದ ಜನಾರ್ದನನ ಮಂದಿಯ ಸುಮೋ ಬಂತು. ಬೋರಬಂಡದ ಗಲ್ಲಿಗೆ ಹೊಕ್ಕೆ. ಬನ್ನಿ ಗಿಡಕ್ಕ ಹೊಂಟಿದ್ದ ಮಂದಿ, ಡೋಲು, ಹೊಸ ಬಟ್ಟಿ ಹಾಕ್ಕೊಂಡ ಹುಡುಗರು. ಬೈಕ್ ತೂರಿತು, ಸುಮೋ ಸಿಕ್ಕೊಂಡಿತು. ಅಷ್ಟರಾಗ ಜನಾರ್ದನನ ಫೋನ್ ಬಂತು. ಪೊಲೀಸರಿಗೆ ಹಿಡಿದು ಕೊಡ್ತೀನಿ ಅಂದ. ಕೊಡ್ರಿ ಸಾರ್, ಬರೋವಾಗ ಆ ಎರಡು ತುಂಡೂ ತರ್ರಿ ಅಂದೆ. ಫೋನ್ ಇಟ್ಟ.

ಹೊತ್ತು ಮುಳುಗೋ ಮುಂದ ಸನತ್‌ನಗರ ಮುಟ್ಟಿದೆ. ಬಸಲಿಂಗಮ್ಮಾರು ಬಾಗಿಲಾಗೇ ಕುಂತಿದ್ರು. ಎಲ್ಲಾ ಹೇಳಿಬಿಟ್ಟೆ... ಬನ್ನಿ ಸುಳ್ಳು, ಸಿಡಿ ಸುಳ್ಳು, ನಿಮ್ಮ ಪ್ಲೇಟು ಮುರೀತು, ಇದು ಅದರ ಜೋಡಿದು. ಅವರು ಅದನ್ನ ಇಸಕೊಂಡ್ರು. ಪ್ಲೇಯರ್ ಮ್ಯಾಲ ಪ್ಲೇಟು ಇಟ್ಟು ಸೂಜಿ ಇಳಿಸಿದ್ರು.

ಸನಾದಿ ಶುರು ಆತು. ಕಣ್ಣು ಮುಚ್ಚಿ ಕೇಳಾಕತ್ತಿದ್ರು. ಒಂದು ಜಾಗಕ್ಕ ಬಂದ ಕೂಡಲೇ ಕಣ್ಣು ತೆಗೆದ್ರು.

"ಇಲ್ಲಿ ನಮ್ಮದಕ್ಕ ಗೀರು ಬಿದ್ದಿತ್ತು," ಅಂದ್ರು. "ನನ್ನ ಮಗಳು ಗಂಗಾ ಸಣ್ಣಾಕಿದ್ದಾಗ ಬಳಿ ತಾಕಿಸಿದ್ಳು. ಸೂಜಿ ಹಿಂದಕ್ಕ ಜಿಗೀತಿತ್ತು. ಅಲ್ಲಿ ನಮ್ಮನಿಯವರು ಎರಡು ಸಲ ಉಸಿರು ತಗೋತಿದ್ರು."

ಜನಾರ್ದನ ಜೋಪಾನ ಮಾಡಿದ್ದ ಪ್ಲೇಟು ಅದು. ಒಂದು ಗೀರೂ ಇರಲಿಲ್ಲ. ವೈಜನಾಥ ಒಂದೇ ಸಲ ಉಸಿರು ತಗೊಂಡು ಮುಂದ ಹೋದ.

ತಪ್ಪಾತ್ರಿ ಅಂದೆ.

"ಭಾಳ ಸಾಫ್ ಐತಿ, ತಮ್ಮಾ," ಅಂದ್ರು ಸೆರಗಿನಿಂದ ಕಣ್ಣು ಒರೆಸಿಕೊಂತ. "ಯಾರೋ ಬ್ಯಾರೆದವರು ಊದಿದಂಗ ಐತಿ."

ಒಳಗ ಹೋಗಿ ಚಹಾ ಮಾಡಿಕೊಂಡು ಬಂದು ನನ್ನ ಮುಂದ ಇಟ್ರು.

ಬೈದಿದ್ರ ಎದ್ದು ಹೋಗ್ತಿದ್ದೆ... ಚಹಾ ಕುಡಿದೇ ಏಳಬೇಕಾತು.