ಜಲಜಕ್ಕನ ಬಾಯಿಗೆ ಬೀಗ

ಮಲ್ಪೆಯ ಕಡಲಲ್ಲಿ ಆ ಬೆಳಿಗ್ಗೆ ಒಂದು ಹಾಯಿದೋಣಿ ಪಿಟ್ಟೆನ್ನದೆ ತಿರುಗಿತು. ಚುಕ್ಕಾಣಿ ಹಿಡಿದಿದ್ದ ಜಲಜಾ ಕುಂದರ್ ಬಾಯಿ ತೆರೆಯಲಿಲ್ಲ, ಕೈಸನ್ನೆಯನ್ನೂ ಮಾಡಲಿಲ್ಲ. ಆದರೂ ಮುಂದಿನ ತುದಿಯಲ್ಲಿದ್ದ ಶಕೀಲಾ, ನಡುವೆ ಹಗ್ಗ ಹಿಡಿದಿದ್ದ ಲವೀನಾ ಮತ್ತು ಪ್ರಮೀಳಾ ಮೂವರೂ ಒಟ್ಟಿಗೇ ಬಗ್ಗಿದರು, ಹಗ್ಗ ಸಡಿಲಿಸಿದರು, ಇನ್ನೊಂದು ಬದಿಗೆ ಜಿಗಿದರು. ದೊಡ್ಡ ಹಾಯಿ ಅವರ ತಲೆಯ ಮೇಲಿಂದ ಹಾದು ಆಚೆ ಬದಿಯಲ್ಲಿ ಗಾಳಿ ತುಂಬಿಕೊಂಡಿತು. ನಾಲ್ವರ ತಲೆಯಲ್ಲೂ ಈಜುವವರು ಹಾಕಿಕೊಳ್ಳುವಂಥ ಬಿಗಿಯಾದ ನೀಲಿ ಟೊಪ್ಪಿಗಳಿದ್ದವು.

ದಂಡೆಯಲ್ಲಿ ನೆರೆದಿದ್ದ ಜನ ಮುಖ ಮುಖ ನೋಡಿಕೊಂಡರು. ಅಂತಾರಾಷ್ಟ್ರೀಯ ಜೋಡಿ ಹಾಯಿಪಂದ್ಯಕ್ಕೆ ಅವರು ಬರುತ್ತಿದ್ದದ್ದು ಅರ್ಧ ಹಾಯಿ ನೋಡಲು, ಇನ್ನರ್ಧ ಜಲಜಕ್ಕನ ಬೈಗುಳ ಕೇಳಲು. "ಎಂತ ಮಾರಾಯ, ಸೌಂಡೇ ಇಲ್ಲ?" ಎಂದು ಚುರುಮುರಿಯವನು ಧ್ವನಿವರ್ಧಕದವನನ್ನು ಗದರಿಸಿದ. ಪಾಪ, ಅವನದೇನೂ ತಪ್ಪಿರಲಿಲ್ಲ.

ಆ ಟೊಪ್ಪಿಯ ಹೆಸರು ಮನೋವಾಹಕ. ಮನುಷ್ಯ ಒಂದು ಮಾತನ್ನು ಆಡುವ ಮೊದಲೇ ಮಿದುಳಿನಲ್ಲಿ ಅದರ ಸಂಕಲ್ಪ ಮೂಡಿರುತ್ತದೆ. ಆಗ ಏಳುವ ಸೂಕ್ಷ್ಮ ವಿದ್ಯುತ್ ಅಲೆಗಳಿಗೆ ಸಂಕಲ್ಪತರಂಗಗಳೆಂದು ಹೆಸರಿಡಲಾಗಿತ್ತು. ಟೊಪ್ಪಿಯ ಒಳಪದರದಲ್ಲಿರುವ ಗ್ರಾಹಕಗಳು ಈ ತರಂಗಗಳನ್ನು ಹಿಡಿದು ಉಳಿದವರ ಟೊಪ್ಪಿಗಳಿಗೆ ರವಾನಿಸುತ್ತವೆ. ಅವರಿಗೆ ಅದು ಕಿವಿಗೆ ಬಿದ್ದ ಮಾತಿನಂತಲ್ಲ, ತಮಗೇ ಹೊಳೆದ ಯೋಚನೆಯಂತೆ ಬರುತ್ತದೆ.

ಇಂಥದೊಂದು ಯಂತ್ರ ಬೇಕಾದದ್ದು ಜಲಜಾಳ ನಾಲಿಗೆಯ ದೆಸೆಯಿಂದ. ದೋಣಿ ನಡೆಸುವುದರಲ್ಲಿ ಅವಳಿಗೆ ಸರಿಸಾಟಿ ಕಡಿಮೆ, ಬೈಯುವುದರಲ್ಲಂತೂ ಇಲ್ಲವೇ ಇಲ್ಲ. ಕನ್ನಡದ ಗಂಧಗಾಳಿಯಿಲ್ಲದ ವಿದೇಶಿ ನಾವಿಕರೂ ಅವಳಿಂದ ಎರಡು ಪದ ಕಲಿತಿದ್ದರು, ಒಂದು "ತಿರ್ಗ್ಸಿ", ಇನ್ನೊಂದು "ಕತ್ತೆ". ಹಿಂದಿನ ವರ್ಷದ ಪಂದ್ಯಾವಳಿ ಮುಗಿದ ದಿನ ಮೂವರು ಹುಡುಗಿಯರೂ ಅವಳ ಮುಂದೆ ಬಂದು ನಿಂತಿದ್ದರು.

"ಅಕ್ಕಾ, ನಿಮ್ಮೊಟ್ಟಿಗೆ ದೋಣಿ ಹತ್ಲಿಕ್ಕೆ ನಮಗಿನ್ನು ಆಗುದಿಲ್ಲ," ಎಂದಳು ಲವೀನಾ. "ಸೋತ್ರೆ ಬೈತೀರಿ, ಗೆದ್ರೂ ಬೈತೀರಿ. ಮನೆಯಲ್ಲಿ ಅಮ್ಮ ಕೂಡ ನನಗಿಷ್ಟು ಬೈದದ್ದಿಲ್ಲ."

ಹೋದರೆ ಹೋಗಲಿ ಎಂದು ಜಲಜಾ ಬೇರೆಯವರನ್ನು ಹುಡುಕಿದಳು. ಕರಾವಳಿಯ ಉದ್ದಕ್ಕೂ ಅವಳ ಕೀರ್ತಿ ಅವಳಿಗಿಂತ ಮೊದಲೇ ತಲುಪಿತ್ತು, ಒಬ್ಬರೂ ಬರಲಿಲ್ಲ. ಆಗ ಅವಳಿಗೆ ನಿಜವಾಗಿ ಭಯವಾಯಿತು. ಮದುವೆ ಮಕ್ಕಳೆಂಬ ತಾಪತ್ರಯ ಹಚ್ಚಿಕೊಳ್ಳದೆ ಕಡಲಲ್ಲೇ ನಲವತ್ತು ದಾಟಿದವಳಿಗೆ ಇದ್ದ ಸಂಸಾರವೆಂದರೆ ಆ ದೋಣಿ ಮತ್ತು ಆ ಮೂವರು.

ಅದೇ ಸಮಯಕ್ಕೆ ಮೈಸೂರಿನ ಮಿದುಳು ವಿಜ್ಞಾನಿ ಡಾಕ್ಟರ್ ವೃಷಭೇಂದ್ರ ಗಾಳಿ ಸೇವನೆಗೆಂದು ಮಲ್ಪೆಗೆ ಬಂದಿದ್ದರು. ಬಂದರಿನಲ್ಲಿ ಜಲಜಾ ಯಾರನ್ನೋ ಝಾಡಿಸುತ್ತಿದ್ದದ್ದು ಅವರ ವಸತಿಗೃಹದವರೆಗೂ ಕೇಳಿ, ಕುತೂಹಲ ತಡೆಯಲಾರದೆ ಇಳಿದು ಬಂದರು. ಕಥೆಯೆಲ್ಲ ಕೇಳಿ ಕನ್ನಡಕ ಒರೆಸಿಕೊಂಡರು.

"ನೋಡಮ್ಮ, ನಿನ್ನ ಮಾತಲ್ಲಿ ಎರಡು ಥರದ ಸರಕಿದೆ. ಒಂದು ಆಜ್ಞೆ, ಇನ್ನೊಂದು ಅಲಂಕಾರ. ಆಜ್ಞೆ ಮಾತ್ರ ಕಳಿಸಿ, ಅಲಂಕಾರಾನ ನಿನ್ನ ಹತ್ರಾನೇ ಇಟ್ಕೊಂಡ್ರೆ ಆಯ್ತು."

"ಅದು ಹೇಗೆ ಡಾಕ್ಟ್ರೇ? ನನಗೆ ಎರಡೂ ಒಟ್ಟಿಗೇ ಬರುದು."

"ಬರ್ಲಿ ಬಿಡು. ಹುಣಸೆಹಣ್ಣು ಕಿವುಚಿ ಸೋಸ್ತೀರಲ್ಲ, ಹಾಗೆ ಬೈಗುಳಶೋಧಕ ಅಂತ ಒಂದು ಜರಡಿ ಇಡ್ತೀನಿ. ಹಿಪ್ಪೆ ಮೇಲೆ ನಿಲ್ಲತ್ತೆ, ರಸ ಕೆಳಗಿಳಿಯತ್ತೆ."

"ಸಾರಿಗೆ ರಸ ಸಾಕು, ಅದು ಹೌದು," ಎಂದು ಜಲಜಾ ಒಪ್ಪಿದಳು.

ಯಾವುದು ಹಿಪ್ಪೆಯೆಂದು ಶೋಧಕಕ್ಕೆ ಕಲಿಸಬೇಕಿತ್ತು. ಅದಕ್ಕಾಗಿ ಡಾಕ್ಟರು ಅವಳ ತಲೆಗೆ ತಂತಿಗಳನ್ನು ಅಂಟಿಸಿ, ಬೈಯಮ್ಮ ಎಂದರು. ಅವಳು ತಬ್ಬಿಬ್ಬಾದಳು. "ಸುಮ್ಮನೆ ಹೇಗೆ ಬೈಯುದು ಡಾಕ್ಟ್ರೇ? ಮೊದಲು ಎಂತಾದ್ರೂ ತಪ್ಪು ಮಾಡಿ." ಡಾಕ್ಟರು ಪಕ್ಕದಲ್ಲಿದ್ದ ಹಗ್ಗ ಎತ್ತಿಕೊಂಡು ತಮಗೆ ತಿಳಿದಂತೆ ಒಂದು ಗಂಟು ಹಾಕಿದರು. ಗಂಟು ನೋಡಿದ್ದೇ ತಡ, ಜಲಜಾಳ ಬಾಯಿ ಬಿಚ್ಚಿಕೊಂಡಿತು. ಶೋಧಕಕ್ಕೆ ಬೇಕಾದ ಪದಸಂಪತ್ತೆಲ್ಲ ಒಂದೇ ಉಸಿರಿಗೆ ಸಿಕ್ಕಿತು, ಡಾಕ್ಟರಿಗೆ ಮಾತ್ರ ಆ ದಿನ ಊಟ ಸೇರಲಿಲ್ಲ.

ಹುಡುಗಿಯರು ಒಂದೇ ಕರಾರಿನ ಮೇಲೆ ಮರಳಿ ಬಂದರು. ಅಕ್ಕನ ಬಾಯಿಂದ ಒಂದು ಬೈಗುಳ ಉದುರಿದರೂ ತಾವು ದಡಕ್ಕೆ ಬಂದು ಟೊಪ್ಪಿ ಕಳಚಿಟ್ಟು ಹೋಗುವುದು, ಮತ್ತೆ ಕರೆಯಬಾರದು. ಜಲಜಾ ಒಪ್ಪಿ, ಹಲ್ಲು ಕಚ್ಚಿ ಕೂತಳು. ಪಂದ್ಯದ ನಿಯಮ ಬರೆದವರು ಬಾಯಿಲ್ಲದೆ ಆಜ್ಞೆ ಕೊಡುವವರನ್ನು ಕನಸಿನಲ್ಲೂ ಕಂಡಿರಲಿಲ್ಲವಾದ್ದರಿಂದ ಟೊಪ್ಪಿಗೆ ಅಡ್ಡಿಯೂ ಬರಲಿಲ್ಲ.

ಜೋಡಿ ಪಂದ್ಯದಲ್ಲಿ ಇರುವುದು ಎರಡೇ ದೋಣಿ, ಎರಡೂ ಒಂದೇ ಅಚ್ಚಿನವು. ಎಷ್ಟು ಹೊತ್ತಿನಲ್ಲಿ ಮುಗಿಸಿದೆ ಎಂದು ಯಾರೂ ಕೇಳುವುದಿಲ್ಲ, ಪಕ್ಕದವನಿಗಿಂತ ಮುಂದಿದ್ದರೆ ಸಾಕು. ಕಾದಾಡುವ ಅಂಕದ ಕೋಳಿಗಳಂತೆ ಒಂದರ ಸುತ್ತ ಒಂದು ಸುತ್ತುತ್ತ, ಎದುರಾಳಿ ಈಗೇನು ಮಾಡುತ್ತಾನೆಂದು ಕಣ್ಣು ಕಿವಿ ತೆರೆದಿಟ್ಟು ಕಾಯುವುದೇ ಆಟ. ಜಲಜಾಳ ದೋಣಿಯಿಂದ ಈಗ ಕೇಳಲು ಏನೂ ಇರಲಿಲ್ಲ. ಎದುರಾಳಿಗಳು ಒಬ್ಬರಾದ ಮೇಲೊಬ್ಬರು ತಬ್ಬಿಬ್ಬಾಗಿ ಸೋತರು. ಅವಳು ಫೈನಲ್ ತಲುಪಿದಳು.

ಫೈನಲ್ಲಿನಲ್ಲಿ ಎದುರಿದ್ದವಳು ಡೆನ್ಮಾರ್ಕಿನ ಆಸ್ಟ್ರಿಡ್. ಅವಳು ಹಳೆಯ ಹುಲಿ. ಕಿವಿಗೆ ಕೆಲಸವಿಲ್ಲವೆಂದು ತಿಳಿದ ಕೂಡಲೇ ಜಲಜಾಳ ಹುಡುಗಿಯರ ಕೈಗಳ ಮೇಲೆ ಕಣ್ಣು ನೆಟ್ಟಳು. ಕೊನೆಯ ಹಂತದಲ್ಲಿ ಗಾಳಿಗೆ ಎದುರಾಗಿ ಹೋಗಬೇಕಿತ್ತು. ಗಾಳಿಗೆ ಎದುರಾಗಿ ಯಾವ ಹಾಯಿದೋಣಿಯೂ ನೇರ ಹೋಗಲಾರದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗುತ್ತಲೇ ಏರಬೇಕು. ಆಸ್ಟ್ರಿಡ್ ಒಂದು ದೋಣಿಯಷ್ಟು ಮುಂದಿದ್ದಳು. ಜಲಜಾ ತಿರುಗಿದಾಗಲೆಲ್ಲ ಅವಳೂ ತಿರುಗಿ, ಇವಳ ಹಾಯಿಗೆ ಬರಬೇಕಾದ ಗಾಳಿಯನ್ನು ತನ್ನ ಹಾಯಿಯಿಂದ ತಡೆದು ನಿಲ್ಲುತ್ತಿದ್ದಳು. ಅವಳು ಒಮ್ಮೆ ಮೋಸಹೋಗಿ ತಿರುಗಿದರೆ, ಅದೇ ಕ್ಷಣ ಇವಳು ತಿರುಗದೆ ನೇರ ಹೋದರೆ, ಗಾಳಿ ಬಿಡುಗಡೆಯಾಗುತ್ತಿತ್ತು.

ಅವಳನ್ನು ಮೋಸಗೊಳಿಸುವುದು ಹೇಗೆ? ದಾರಿ ಒಂದೇ ಇತ್ತು, ಜಲಜಾಳಿಗೆ ಅದು ಚೆನ್ನಾಗಿ ತಿಳಿದಿತ್ತು. ಇಷ್ಟು ವರ್ಷಗಳಲ್ಲಿ ಅವಳ ಕೂಗು ಒಮ್ಮೆಯೂ ಸುಳ್ಳಾಗಿರಲಿಲ್ಲ. ಅವಳು ತಿರ್ಗ್ಸಿ ಎಂದು ಬೈದರೆ ದೋಣಿ ತಿರುಗಿತೆಂದೇ ಅರ್ಥ, ಅದು ಲೋಕಕ್ಕೆಲ್ಲ ಗೊತ್ತು. ಆದರೆ ಕರಾರು? ಬೈದರೆ ಮೂವರೂ ಹೋಗುತ್ತಾರೆ. ಅವಳು ಹುಡುಗಿಯರ ಬೆನ್ನು ನೋಡಿದಳು. ತಾನಾದರೋ ಪ್ರಾಯದಲ್ಲಿ ಕಪ್ ಎತ್ತಿದವಳು. ಇವರ ಕೈಗೆ ಇನ್ನೂ ಒಂದೂ ಸಿಕ್ಕಿಲ್ಲ. ಹೋಗುವುದಾದರೆ ಕಪ್ ಹಿಡಿದುಕೊಂಡೇ ಹೋಗಲಿ ಎಂದುಕೊಂಡಳು. ಬಾಯಿ ತೆರೆದು ಕೂಗಿದಳು.

"ತಿರ್ಗ್ಸೀ! ಕತ್ತೆಗಳೇ, ಕಣ್ಣು ಎಂತಕ್ಕುಂಟು ನಿಮಗೆ, ಕಾಡಿಗೆ ಹಚ್ಲಿಕ್ಕಾ? ತಲೆಯೊಳಗೆ ಇರುದು ಮಿದುಳಾ, ಬಂಗುಡೆ ಗಸಿಯಾ? ತಿರ್ಗ್ಸೀ ಅಂದೆ!"

ಅದೇ ಹೊತ್ತಿಗೆ ಮನಸ್ಸಿನ ನಿಜ ಸಂಕಲ್ಪ ಬೇರೆಯದೇ ಆಜ್ಞೆಯಾಗಿ ಟೊಪ್ಪಿಯಿಂದ ಹೊರಟಿತ್ತು. ಕದಲಬೇಡಿ, ಹಗ್ಗ ಅಲ್ಲಾಡಿಸಿ ಸಾಕು.

ದಂಡೆಯಲ್ಲಿ ಜನ ಹೋ ಎಂದು ಎದ್ದು ನಿಂತರು. ಆಸ್ಟ್ರಿಡ್ ಯೋಚಿಸಲೂ ಹೋಗಲಿಲ್ಲ, ಚುಕ್ಕಾಣಿಯನ್ನು ಪೂರ್ತಿ ತಳ್ಳಿಬಿಟ್ಟಳು. ಅವಳ ದೋಣಿ ಗರ್ರನೆ ತಿರುಗಿ ಆಚೆ ಹೋಯಿತು. ಜಲಜಾಳ ದೋಣಿ ತುಂಬು ಗಾಳಿಯಲ್ಲಿ ನೇರ ಸಾಗಿ ಗೆರೆ ದಾಟಿತು. ಬಾಯಲ್ಲಿ ಸುಳ್ಳು, ಮನಸ್ಸಿನಲ್ಲಿ ನಿಜ ಹೇಳಿ ಗೆದ್ದದ್ದು ಆ ಪಂದ್ಯದ ಚರಿತ್ರೆಯಲ್ಲಿ ಅದೇ ಮೊದಲು.

ದಡಕ್ಕೆ ಬಂದ ಮೇಲೆ ಜಲಜಾ ಕಪ್ಪಿನ ಕಡೆ ನೋಡಲಿಲ್ಲ. ತನ್ನ ಟೊಪ್ಪಿ ಕಳಚಿ ಅಲ್ಲಿ ಕಾದಿದ್ದ ಡಾಕ್ಟರ ಕೈಗೆ ಕೊಟ್ಟು ತಲೆ ತಗ್ಗಿಸಿ ನಿಂತಳು. "ನಾನು ಮಾತಿಗೆ ತಪ್ಪಿದೆ. ನೀವಿನ್ನು ಹೊರಡಿ."

ಶಕೀಲಾ ಹೊರಡಲಿಲ್ಲ. "ಅಕ್ಕಾ, ಆ ಟೊಪ್ಪಿಯಲ್ಲಿ ನಮಗೆ ಎಂತೆಲ್ಲ ಬರ್ತಿತ್ತು ಗೊತ್ತುಂಟಾ ನಿಮಗೆ?"

"ಆಜ್ಞೆ."

"ಅದೊಂದೇ ಅಲ್ಲ. ಲವೀನಾಳ ಬೆರಳು ಹಗ್ಗಕ್ಕೆ ಸಿಕ್ಕುವ ಹಾಗಾದಾಗ ನೀವು ಮನಸ್ಸಲ್ಲಿ ಬೈದಿರ್ತೀರಿ. ಬೈಗುಳ ಆ ಜರಡಿಯಲ್ಲೇ ನಿಂತಿತು. ಅವಳಿಗೆ ಬಂದದ್ದು ಹೆದರಿಕೆ, ನಿಮ್ಮ ಹೆದರಿಕೆ. ನನಗೆ ಎಂತಾದ್ರೂ ಆದ್ರೆ ನನ್ನ ಉಮ್ಮನಿಗೆ ಮುಖ ತೋರಿಸುದು ಹೇಗೆ ಅಂತ ನೀವು ದಿನಾ ಹೆದರ್ತೀರಿ. ಇವತ್ತು ಕಪ್ ಹಿಡ್ಕೊಂಡೇ ಹೋಗ್ಲಿ ಅಂದದ್ದೂ ಬಂತು. ಎಲ್ಲಿಗೆ ಹೋಗುದು ನಾವು?"

ಡಾಕ್ಟರು ಹಣೆ ಬಡಿದುಕೊಂಡರು. "ಅಯ್ಯೋ, ಪದ ಸೋಸಿದೆ, ಪದದ ಬೇರನ್ನ ಸೋಸೋದು ಮರ್ತೇಬಿಟ್ಟೆ! ಮೊದಲೇ ಯಾಕಮ್ಮ ಹೇಳ್ಲಿಲ್ಲ?"

"ಹೇಳಿದ್ರೆ ಅಕ್ಕ ನಾಚಿ ಟೊಪ್ಪಿ ತೆಗಿತಿದ್ರು," ಎಂದಳು ಪ್ರಮೀಳಾ. ಜಲಜಾ ಆಗಲೇ ಕೆಂಪಾಗಿ, ದೋಣಿ ಕಟ್ಟುವ ನೆವದಲ್ಲಿ ಅತ್ತ ನಡೆದಿದ್ದಳು.

ಇಲ್ಲಿಗೆ ಎಲ್ಲ ಸುಖವಾಗಬೇಕಿತ್ತು. ಹುಡುಗಿಯರು ಟೊಪ್ಪಿ ಬೇಡವೆಂದರು, ಇಷ್ಟ ಬಂದ ಹಾಗೆ ಬೈಯಿರಿ ಎಂದರು. ಆದರೆ ಜಲಜಾಳಿಗೆ ಬೈಯಲು ಬಾಯೇ ಬರಲಿಲ್ಲ. ಬೈಗುಳದ ಪರದೆಯ ಹಿಂದೆ ತಾನೇನನ್ನು ಬಚ್ಚಿಟ್ಟಿದ್ದೆ ಎಂದು ಎಲ್ಲರಿಗೂ ತಿಳಿದುಹೋದ ಮೇಲೆ, ಬಾಯಿ ತೆರೆಯುವುದೆಂದರೆ ನಡುಬೀದಿಯಲ್ಲಿ ಅತ್ತಂತೆ. "ಸ್ವಲ್ಪ ತಿರ್ಗಿಸಬಹುದಾ ಮಗಾ?" ಎಂದು ಕೇಳಿಕೊಳ್ಳುವಳು. ಅವಳು ಕೇಳಿ ಮುಗಿಸುವಷ್ಟರಲ್ಲಿ ಗಾಳಿಯೇ ತಿರುಗಿರುತ್ತಿತ್ತು. ಹೊಸ ವರ್ಷದ ಮೊದಲ ಪಂದ್ಯದಲ್ಲಿ ಅವರು ಕಾಲೇಜು ಮಕ್ಕಳ ದೋಣಿಗೆ ಸೋತರು.

ಲವೀನಾ ಮೈಸೂರಿಗೆ ಫೋನು ಮಾಡಿದಳು. "ಡಾಕ್ಟ್ರೇ, ಅಕ್ಕನಿಗೆ ಬೈಯ್ಲಿಕ್ಕೆ ಬರುವ ಹಾಗೆ ಎಂತಾದ್ರೂ ಯಂತ್ರ ಮಾಡಿ ಕೊಡಿ."

ಡಾಕ್ಟರು ಓಡಿ ಬಂದು ಅಭ್ಯಾಸದ ಹೊತ್ತಿಗೆ ಹಿಂದೆ ಬರುತ್ತಿದ್ದ ಯಂತ್ರದೋಣಿಯಲ್ಲಿ ಕೂತು ನೋಡಿದರು. ಅಂಥ ಯಂತ್ರ ತಮ್ಮ ವಿಜ್ಞಾನದಲ್ಲಿ ಇಲ್ಲವೆಂದು ಕೈಚೆಲ್ಲಿದರು. ಅದು ಶಕೀಲಾಳ ಕಿವಿಗೂ ಬಿತ್ತು. ಮುಂದಿನ ಸಲ ದೋಣಿ ತಿರುಗುತ್ತಿದ್ದಂತೆ ಅವಳು, ದೊಡ್ಡ ಹಾಯಿಯ ಅಡ್ಡತೊಲೆ ಬೀಸಿ ಬರುವ ದಾರಿಯಲ್ಲೇ ಎದ್ದು ನಿಂತು ಕೂದಲು ಕಟ್ಟಿಕೊಳ್ಳತೊಡಗಿದಳು.

"ಕುರುಡೀ!" ಎಂಬ ಕೂಗು ಬಂದರಿನ ಕಾಗೆಗಳನ್ನೆಲ್ಲ ಎಬ್ಬಿಸಿತು. "ಕತ್ತೆ! ಮಣ್ಣಂಗಟ್ಟಿ! ತಲೆ ಬೇಡವಾದ್ರೆ ಮೀನಿನ ಬುಟ್ಟಿಗೆ ಹಾಕು, ನನ್ನ ದೋಣಿಯಲ್ಲಿ ಒಡೀಬೇಡ!"

ಶಕೀಲಾ ಬಗ್ಗಿದಳು, ತೊಲೆ ಅವಳ ಮೇಲಿಂದ ಹಾದುಹೋಯಿತು. ಹುಡುಗಿಯರು ಹಗ್ಗಗಳ ಮೇಲೆ ಬಿದ್ದರು, ಹಾಯಿ ತುಂಬಿತು, ದೋಣಿ ಓಡಿತು. ಡಾಕ್ಟರು ಕಿವಿ ಮುಚ್ಚಿಕೊಂಡು, "ಪಾಪ, ನೋವಾಗಲ್ವೇನಮ್ಮ?" ಎಂದು ಹುಡುಗಿಯರನ್ನು ಕೂಗಿ ಕೇಳಿದರು. ಮೂವರೂ ಬಿದ್ದು ಬಿದ್ದು ನಗುತ್ತಿದ್ದರು. ಅವರು ನಗುವುದು ಕಂಡು ಜಲಜಾಳಿಗೆ ಮತ್ತಷ್ಟು ಸಿಟ್ಟು ಬಂತು, ಕಣ್ಣೊರೆಸಿಕೊಳ್ಳುತ್ತಲೇ ಇನ್ನೂ ಬೈದಳು.